ಮರ ಕಡಿಸುವ ಮುನ್ನ ಟೇಪು, ಪೆನ್ನು ಎರಡೂ ನಿಮ್ಮ ಕೈಯಲ್ಲಿರಲಿ

ಹೋದ ವಾರ ಪಕ್ಕದ ಊರಿನ ಗೆಳೆಯರೊಬ್ಬರು ಫೋನ್ ಮಾಡಿದ್ದರು. "ತೇಗದ ಮರ ಕೇಳಿಕೊಂಡು ಒಬ್ಬರು ಬಂದಿದ್ದಾರೆ. ಅರ್ಜಿ, ಪಾಸು, ಕಡಿತ, ಮಿಲ್ಲು ಎಲ್ಲವನ್ನೂ ಅವರೇ ನೋಡಿಕೊಳ್ಳುತ್ತಾರಂತೆ. ನಾವು ಸಹಿ ಹಾಕಿದರೆ ಸಾಕಂತೆ, ಏನು ಮಾಡಲಿ?" ಎಂದು ಕೇಳಿದರು. ನನಗೆ ಎದೆ ಧಸಕ್ಕೆಂದಿತು. 2023ರ ಜನವರಿಯಲ್ಲಿ ಇದೇ ಮಾತನ್ನು ಒಬ್ಬ ವ್ಯಾಪಾರಿ ನಮ್ಮ ಜಗಲಿಯ ಮೇಲೆ ಕುಳಿತು, ಕಾಫಿ ಕುಡಿಯುತ್ತಾ, ನನಗೂ ಹೇಳಿದ್ದ. ಗೆಳೆಯರಿಗೆ ಫೋನಿನಲ್ಲಿ ಹೇಳಿದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ. ಮಲೆನಾಡಿನಲ್ಲಿ ತೋಟದ ಮೇಲ್ಗಡೆ ನಾಲ್ಕು ಮರ ಬೆಳೆಸಿಕೊಂಡಿರುವ ಪ್ರತಿಯೊಬ್ಬರೂ ದಯವಿಟ್ಟು ಕೊನೆಯವರೆಗೆ ಓದಿ.

ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಅಡಿಕೆ ತೋಟದ ದರೆ (ಪಕ್ಕದ ಏರು) ಹತ್ತಿದರೆ ಮೂರೂವರೆ ಎಕರೆ ಹಿಡುವಳಿ ಜಾಗವಿದೆ. ಹಲಸು, ಮತ್ತಿ, ಹೊನ್ನೆ, ಒಂದೆರಡು ಹೆಬ್ಬಲಸು ತಾವಾಗಿಯೇ ಬೆಳೆದವು. ತೇಗವನ್ನು 1988ರ ಮಳೆಗಾಲದಲ್ಲಿ ಅಪ್ಪ ನೆಟ್ಟರು. ಅಂಚಿನಲ್ಲಿ ಅಕೇಶಿಯಾ ಆಮೇಲೆ ಬಂತು. ತೇಗ ಒಟ್ಟು ಐವತ್ತು. ನಾನು ಕಡಿಸಬೇಕೆಂದುಕೊಂಡದ್ದು 22. ಒತ್ತಾಗಿ ಬೆಳೆದವು, ಬೆನ್ನು ಬಾಗಿದವು, ತುದಿ ಮುರಿದವು ಮತ್ತು ಹೊಸ ಮನೆಯ ದಾರಂದ, ಬಾಗಿಲು, ಪಕಾಸಿಗೆ ಬೇಕಾದ ಹತ್ತು ದಪ್ಪ ಮರ. ಹಳ್ಳದ ಬದಿಯ ಒಂಬತ್ತು ಮರಗಳನ್ನು ಮಾತ್ರ ಮುಟ್ಟಬಾರದು ಎಂದು ಮೊದಲೇ ತೀರ್ಮಾನಿಸಿದ್ದೆ. ನೆಟ್ಟಗೆ, ಕೊಂಬೆಯಿಲ್ಲದೆ ಮೂವತ್ತು ಅಡಿ ಏರಿದ ಮರಗಳವು. ಸುತ್ತಲಿನ ಸೊರಗಿದ ಮರ ತೆಗೆದರೆ ಅವುಗಳಿಗೆ ಬಿಸಿಲು ಸಿಗುತ್ತದೆ, ಇನ್ನೂ ಹದಿನೈದು ಇಪ್ಪತ್ತು ವರ್ಷ ದಪ್ಪವಾಗುತ್ತವೆ, ಮಗಳ ಕಾಲಕ್ಕೆ ಆಗುತ್ತವೆ ಎಂಬ ಲೆಕ್ಕ ನನ್ನದು. ಮರದ ಜಾಗ ನೋಡಿಕೊಳ್ಳುವುದೆಂದರೆ ಇಷ್ಟೇ. ಕೆಟ್ಟದ್ದನ್ನು ಮೊದಲು ತೆಗೆಯಬೇಕು, ಒಳ್ಳೆಯದನ್ನು ಕೊನೆಗೆ. ವ್ಯಾಪಾರಿಯ ಲೆಕ್ಕ ಇದಕ್ಕೆ ತದ್ವಿರುದ್ಧ.

ಮೊದಲ ತಪ್ಪು ಆದದ್ದು ಅರ್ಜಿಯಲ್ಲಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ನಮ್ಮದೇ ಹಿಡುವಳಿಯ ಮರವಾದರೂ ಕಡಿಯಲು ಅನುಮತಿ ಬೇಕು. ಸಿಲ್ವರ್ ಓಕ್, ನೀಲಗಿರಿ, ತೆಂಗು, ರಬ್ಬರ್‌ನಂಥ ಕೆಲವಕ್ಕೆ ವಿನಾಯಿತಿ ಇದೆ, ತೇಗಕ್ಕೆ ಇಲ್ಲ. ಅರ್ಜಿಯ ಜೊತೆ ಪಹಣಿ, ನಕ್ಷೆ ಕೊಡಬೇಕು, ಅರಣ್ಯ ಇಲಾಖೆಯವರು ಬಂದು ಮರ ಎಣಿಸಿ ಅಳೆದು ನಂಬರು ಹಾಕಬೇಕು. ಕಡಿದ ಮೇಲೆ ದಿಮ್ಮಿಗೆ ಹ್ಯಾಮರ್ ಗುರುತು, ಅಂದರೆ ಇಲಾಖೆಯ ಸುತ್ತಿಗೆ ಮುದ್ರೆ, ಬಿದ್ದು, ಸಾಗಣೆ ಪಾಸು ಸಿಕ್ಕರೆ ಮಾತ್ರ ಲಾರಿ ಹೊರಡಬಹುದು. ಇಷ್ಟೆಲ್ಲ ಓಡಾಟ ಯಾರಿಗೆ ಬೇಕು ಎನ್ನಿಸಿತು. ಅಮ್ಮನಿಗೆ ಆಗ ಹುಷಾರಿರಲಿಲ್ಲ, ವಾರಕ್ಕೆರಡು ಸಲ ಶಿವಮೊಗ್ಗಕ್ಕೆ ಹೋಗಬೇಕಿತ್ತು. ವ್ಯಾಪಾರಿ ತಂದ ಕಾಗದಕ್ಕೆ ಸಹಿ ಹಾಕಿದೆ. ಮರದ ಸಂಖ್ಯೆ ಬರೆಯುವ ಜಾಗ ಖಾಲಿ ಇತ್ತು. "ಅದನ್ನು ಮರ ನೋಡಿದ ಮೇಲೆ ತುಂಬುತ್ತೇನೆ ಗೌಡರೇ" ಎಂದ. ಇಲಾಖೆಯವರು ಎಣಿಸಲು ಬಂದ ದಿನ ನಾನು ಮನೆಯಲ್ಲೇ ಇದ್ದೆ. ಅವರಿಗೆ ಕಾಫಿ ಕೊಟ್ಟು ಕಳುಹಿಸಿದೆ, ಜೊತೆಯಲ್ಲಿ ದರೆ ಹತ್ತಲಿಲ್ಲ. ವ್ಯಾಪಾರಿ ತೋರಿಸಿದ ಮರಕ್ಕೆಲ್ಲ ಅವರು ನಂಬರು ಹಾಕಿದರು.

ಕಡಿತ ಶುರುವಾದ ಮೂರನೆಯ ದಿನ ಆಸ್ಪತ್ರೆಯಿಂದ ಸಂಜೆ ಬಂದೆ. ಹಳ್ಳದ ಕಡೆ ಆಕಾಶ ಕಾಣಿಸುತ್ತಿತ್ತು. ಆ ಒಂದು ಸಾಲು ಹೇಳಿದರೆ ನಿಮಗೆ ಅರ್ಥವಾಗುತ್ತದೆ ಎಂದುಕೊಳ್ಳುತ್ತೇನೆ. ಮೂವತ್ತೈದು ವರ್ಷ ಆ ಮೂಲೆಯಲ್ಲಿ ಆಕಾಶ ಕಂಡದ್ದಿಲ್ಲ. ಒಂಬತ್ತೂ ನೆಲಕ್ಕೆ ಬಿದ್ದಿದ್ದವು. ಬೊಡ್ಡೆಗಳಲ್ಲಿ ಇನ್ನೂ ನೀರು ಜಿನುಗುತ್ತಿತ್ತು. ಕೇಳಿದರೆ ವ್ಯಾಪಾರಿ ಅನುಮತಿ ಪತ್ರ ಬಿಚ್ಚಿ ತೋರಿಸಿದ. ಅದರಲ್ಲಿದ್ದದ್ದು 31 ಮರ, ಕೆಳಗೆ ನನ್ನ ಅರ್ಜಿಯ ಉಲ್ಲೇಖ. ಕಡಿಯುವವರದ್ದೂ ತಪ್ಪಿಲ್ಲ, ನಂಬರಿದ್ದ ಮರಕ್ಕೆ ಗರಗಸ ಹಾಕಿದ್ದರು. ಕಾಗದದ ಪ್ರಕಾರ ಎಲ್ಲವೂ ಸರಿ ಇತ್ತು. ಅದಕ್ಕೇ ಹೇಳುವುದು, ಅರ್ಜಿಯನ್ನು ನೀವೇ ಬರೆಯಿರಿ. ಮರದ ಜಾತಿ, ಸಂಖ್ಯೆ ತುಂಬಿ, ಸಂಖ್ಯೆಯನ್ನು ಅಕ್ಷರದಲ್ಲೂ ಬರೆದು, ಆಮೇಲೆ ಸಹಿ ಮಾಡಿ. ಎಣಿಕೆಯ ದಿನ ಮನೆಯಲ್ಲಿ ಕೂರಬೇಡಿ. ಉಳಿಸಬೇಕಾದ ಮರಕ್ಕೆ ನೀವೇ ಮೊದಲು ಬಿಳಿ ಬಣ್ಣದ ಪಟ್ಟಿ ಬಳಿಯಿರಿ. ಅನುಮತಿ ಪತ್ರದ ಪ್ರತಿ ಕೈಗೆ ಬಂದು, ಓದಿ, ಹೊಂದಿಸಿ ನೋಡುವ ತನಕ ಯಂತ್ರದ ಸದ್ದು ಕೇಳಿಸಬಾರದು.

ಇನ್ನು ಅಳತೆ. ಇದರಲ್ಲಿ ಹೋದಷ್ಟು ಬೇರೆ ಯಾವುದರಲ್ಲೂ ಹೋಗುವುದಿಲ್ಲ. ಹೋದದ್ದು ಕಣ್ಣಿಗೂ ಕಾಣಿಸುವುದಿಲ್ಲ.

ನಮ್ಮಲ್ಲಿ ದುಂಡು ಮರವನ್ನು ಘನ ಅಡಿಯಲ್ಲಿ ಮಾರುತ್ತಾರೆ. ದಿಮ್ಮಿಯ ನಡುವಿನ ಸುತ್ತಳತೆಯನ್ನು ಇಂಚಿನಲ್ಲಿ ಹಿಡಿದು, ಅದನ್ನು ನಾಲ್ಕರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಉದ್ದದ ಅಡಿಯಿಂದ ಗುಣಿಸಿ, 144ರಿಂದ ಭಾಗಿಸುತ್ತಾರೆ. ಸುತ್ತು 48 ಇಂಚು, ಉದ್ದ 10 ಅಡಿ ಇದ್ದರೆ ಸರಿಯಾಗಿ 10 ಘನ ಅಡಿ. ನಿಜವಾದ ಉರುಳೆಯ ಲೆಕ್ಕ ಹಾಕಿದರೆ ಅದೇ ದಿಮ್ಮಿಯಲ್ಲಿ ಸುಮಾರು 12.7 ಘನ ಅಡಿ ಮರ ಇರುತ್ತದೆ. ಅಂದರೆ ಕೊಯ್ಯುವಾಗ ಹೋಗುವ ಅಂಚು, ಹೊಟ್ಟಿಗೆಂದು ನೂರಕ್ಕೆ ಇಪ್ಪತ್ತೊಂದರಷ್ಟನ್ನು ಈ ಸೂತ್ರವೇ ಮೊದಲು ಕಳೆದುಬಿಟ್ಟಿರುತ್ತದೆ. ಅದರ ಮೇಲೆ ಇನ್ನಷ್ಟು ಕಳೆಯಲು ಯಾರಿಗೂ ಹಕ್ಕಿಲ್ಲ. ಇದನ್ನು ನಾನು ತಡವಾಗಿ ಕಲಿತೆ.

ವ್ಯಾಪಾರಿಯ ಲೆಕ್ಕ ಬರೆಯುವ ರೈಟರ್ ಅಳೆಯುತ್ತಿದ್ದ, ನಾನು ನೋಡುತ್ತಾ ನಿಂತಿದ್ದೆ. ಟೇಪನ್ನು ಅವನು ನಡುವಿಗೆ ಸುತ್ತದೆ ಸಣ್ಣ ತುದಿಗೆ ಸುತ್ತುತ್ತಿದ್ದ. ಬಂದದ್ದರಲ್ಲಿ "ಸಿಪ್ಪೆಗೆ" ಎಂದು ನಾಲ್ಕು ಇಂಚು ಬಿಡುತ್ತಿದ್ದ. ಉದ್ದದಲ್ಲಿ ಅಡಿಯ ಮೇಲಿದ್ದ ಇಂಚುಗಳನ್ನೆಲ್ಲ "ತುದಿ ಸೀಳಿಗೆ" ಎಂದು ಕೈಬಿಡುತ್ತಿದ್ದ. ಒಂದೊಂದಕ್ಕೂ ಒಂದೊಂದು ಕಾರಣ ಇದ್ದುದರಿಂದ ನನಗೆ ತಪ್ಪೆನಿಸಲಿಲ್ಲ. ಅವತ್ತು ಸಂಜೆ ಮಗಳು ಸುಮ್ಮನೆ ಕುತೂಹಲಕ್ಕೆ ಹೊಲಿಗೆಯ ಟೇಪು ತಂದು ಏಳನೆಯ ನಂಬರಿನ ದಿಮ್ಮಿಯನ್ನು ಅಳೆದಳು. ಎಳೆಯುವಾಗ ನಡುವಿನ ಸಿಪ್ಪೆ ಪೂರ್ತಿ ಎದ್ದುಹೋಗಿ ಬರೀ ಮರ ಕಾಣುತ್ತಿತ್ತು. ಅಲ್ಲಿ ಸುತ್ತು 48 ಇಂಚು, ಉದ್ದ 10 ಅಡಿ 10 ಇಂಚು. ಲೆಕ್ಕ ಹಾಕಿದರೆ 10.8 ಘನ ಅಡಿ. ರೈಟರನ ಪುಸ್ತಕದಲ್ಲಿ ಏಳನೆಯ ನಂಬರಿಗೆ ಎದುರು ಸುತ್ತು 40, ಉದ್ದ 10, ಒಟ್ಟು 6.94 ಎಂದಿತ್ತು. ಒಂದೇ ದಿಮ್ಮಿಯಲ್ಲಿ ಹತ್ತಿರ ಹತ್ತಿರ ನಾಲ್ಕು ಘನ ಅಡಿ! ಸುತ್ತಳತೆಯನ್ನು ಅದರಿಂದಲೇ ಗುಣಿಸುವುದರಿಂದ ಅಲ್ಲಿ ಆರರಲ್ಲಿ ಒಂದು ಪಾಲು ಕಡಿಮೆಯಾದರೆ ಮರದಲ್ಲಿ ನೂರಕ್ಕೆ ಮೂವತ್ತು ಹೋಗುತ್ತದೆ. ಮಗಳು ಟೇಪು ಹಿಡಿದ ಫೋಟೊ ಇರದಿದ್ದರೆ ಆಮೇಲೆ ಊರಿನ ಹಿರಿಯರ ಮುಂದೆ ನನಗೆ ಮಾತೇ ಇರುತ್ತಿರಲಿಲ್ಲ. ನೀವೂ ಅಳೆಯುವ ದಿನ ನಿಮ್ಮದೇ ಪುಸ್ತಕ ಇಟ್ಟುಕೊಳ್ಳಿ. ನಡುವಿನಲ್ಲಿ ಒಂದು ಗೇಣಗಲ ಸಿಪ್ಪೆ ಕೆತ್ತಿಸಿ ಅಲ್ಲಿಯೇ ಟೇಪು ಸುತ್ತಿಸಿ. ಆಗ ಸಿಪ್ಪೆಗೆಂದು ಕಳೆಯುವ ಮಾತೇ ಬರುವುದಿಲ್ಲ.

ಅಕೇಶಿಯಾವನ್ನು ಟನ್ನಿನ ಲೆಕ್ಕದಲ್ಲಿ ಕೊಟ್ಟಿದ್ದೆ. ಕಡಿದು ಐದು ವಾರ ಬಿಸಿಲಿಗೆ ಬಿಟ್ಟು, ಒಣಗಿ ಹಗುರವಾದ ಮೇಲೆ ಲಾರಿಗೆ ತುಂಬಿದರು. ತೂಕದ ಲೆಕ್ಕವಾದರೆ ಕಡಿದ ಎಷ್ಟು ದಿನದೊಳಗೆ ಸಾಗಿಸಬೇಕು ಎಂಬುದನ್ನು ಕರಾರಿನಲ್ಲಿ ಬರೆಸಿ. ಟ್ರಾಕ್ಟರ್ ಇಳಿಜಾರಿಗೆ ನೇರವಾಗಿ ದಿಮ್ಮಿ ಎಳೆದ ದಾರಿ ಜೂನ್ ಮಳೆಗೆ ಕೊರಕಲಾಗಿ, ಕೆಂಪು ಮಣ್ಣೆಲ್ಲ ಅಡಿಕೆ ತೋಟದ ಕಾಲುವೆಗೆ ಬಂದು ತುಂಬಿತು. ಅದರ ಕೂಲಿ ಬೇರೆ.

ಮಿಲ್ಲಿನಲ್ಲಿ ಆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮನೆಗೆ ಬೇಕಾದ ಹತ್ತು ದಿಮ್ಮಿಗಳನ್ನು ವ್ಯಾಪಾರಿ ತನ್ನ ಮರದ ಜೊತೆಯಲ್ಲೇ ಪೇಟೆಯ ಮಿಲ್ಲಿಗೆ ಒಯ್ದ. "ನೀವು ಬಂದು ಕಾಯುವುದು ಯಾಕೆ, ಅಳತೆಯ ಪಟ್ಟಿ ಕೊಡಿ, ಕೊಯ್ಸಿ ಮನೆಗೇ ತಲುಪಿಸುತ್ತೇನೆ" ಎಂದ. ತಲುಪಿಸಿದ ಕೂಡ. ದಾರಂದದ ತುಂಡು, ಹಲಗೆ, ರೀಪು ಎಲ್ಲವೂ ಪಟ್ಟಿಯಲ್ಲಿದ್ದಂತೆಯೇ ಬಂದವು. ತೇಗದ ವಾಸನೆ ಅಂಗಳ ತುಂಬ ಹರಡಿತು, ನಮಗೆಲ್ಲ ಸಂತೋಷವೋ ಸಂತೋಷ.

ನಮ್ಮ ಆಚಾರಿ ಬಂದು ಒಂದು ಹಲಗೆಯನ್ನು ನಿಲ್ಲಿಸಿ, ತುದಿಯನ್ನು ಉಳಿಯಿಂದ ಹೆರೆದು, ಬೆರಳಿಗೆ ಉಗುಳು ಹಚ್ಚಿ ಒರೆಸಿ, ಬಹಳ ಹೊತ್ತು ನೋಡಿದರು. "ಗೌಡರೇ, ಇದು ನಿಮ್ಮ ಅಪ್ಪ ನೆಟ್ಟ ಮರವೇ?" ಎಂದು ಕೇಳಿದರು. ನಾವಿಬ್ಬರೂ ದರೆ ಹತ್ತಿ ಬೊಡ್ಡೆಗಳ ಬಳಿಗೆ ಹೋದೆವು. ಬೊಡ್ಡೆಯ ನಡುವೆ ಕಂದು ಬಣ್ಣದ ಚೇಗು (ಮರದ ಗಟ್ಟಿ ತಿರುಳು) ಅಡ್ಡಕ್ಕೆ ಹತ್ತು, ಹನ್ನೊಂದು ಇಂಚು ಇತ್ತು, ಸುತ್ತ ಒಂದೂವರೆ ಇಂಚಿನ ಬಿಳಿ ಭಾಗ. ವರ್ಷದ ಉಂಗುರಗಳನ್ನು ಸೂಜಿಯಿಂದ ಎಣಿಸಿದೆವು, ಮೂವತ್ತರ ಮೇಲಿದ್ದವು. ನಡುವಿನ ಕೆಲವು ಅಗಲ, ಹೊರಗೆ ಬಂದಂತೆಲ್ಲ ಒತ್ತಾದ ಗೆರೆಗಳು. ಅಂಗಳದ ಹಲಗೆಗಳಲ್ಲಿ ಚೇಗು ಐದು ಇಂಚು ದಾಟಿದ್ದು ಒಂದೂ ಇರಲಿಲ್ಲ. ಎರಡೂ ಅಂಚಿಗೆ ಬಿಳಿ, ಉಂಗುರಗಳು ಹೆಬ್ಬೆರಳಗಲ. ನೀರುಣಿಸಿ ಬೇಗ ಬೆಳೆಸಿದ, ಹದಿನೈದು ವರ್ಷವೂ ತುಂಬದ ಎಳೆ ತೇಗದ ಹಲಗೆಗಳು ಅವು. ತೇಗಕ್ಕೆ ಬೆಲೆ ಬರುವುದು ಚೇಗಿನಿಂದ. ಬಿಳಿ ಭಾಗಕ್ಕೆ ಕುಟ್ಟೆ ಹುಳ ಹಿಡಿಯುತ್ತದೆ, ಗೆದ್ದಲೂ ಬಿಡುವುದಿಲ್ಲ. ಇನ್ನೊಂದು ಸಾಕ್ಷಿಯೂ ಸಿಕ್ಕಿತು. ನಮ್ಮ ಹತ್ತರಲ್ಲಿ ಎರಡು ಬೇಲಿಯ ಮರಗಳಾಗಿದ್ದು, ಮುಳ್ಳುತಂತಿಯ ಮೊಳೆ ಒಳಗೇ ಉಳಿದಿತ್ತು. ಮೊಳೆಗೆ ಸಿಕ್ಕಿ ಬ್ಲೇಡು ಹೋಯಿತೆಂದು ಬಿಲ್ಲಿನಲ್ಲಿ ಹಣ ಹಿಡಿದಿದ್ದರು. ಕಬ್ಬಿಣ ಕೂತ ಕಡೆ ಮರ ಕಪ್ಪಗಾಗುತ್ತದೆ. ಆದರೆ ಬಂದ ಹಲಗೆಗಳಲ್ಲಿ ಒಂದೇ ಒಂದು ಕಪ್ಪು ಕಲೆ ಇರಲಿಲ್ಲ. ನಮ್ಮ ಮರ ಕೊಯ್ದದ್ದು ನಿಜ, ಅದು ಹೋದದ್ದು ಬೇರೆ ಯಾರದೋ ಮನೆಗೆ.

ಆದ್ದರಿಂದ ದಿಮ್ಮಿ ಲಾರಿ ಹತ್ತುವ ಮುನ್ನ ಎರಡೂ ತುದಿಗೆ ನಿಮ್ಮದೇ ಗುರುತು ಬಣ್ಣದಲ್ಲಿ ಹಾಕಿ, ತುದಿಯ ಫೋಟೊ ತೆಗೆದುಕೊಳ್ಳಿ. ಬೊಡ್ಡೆಯಿಂದ ಒಂದು ತೆಳು ಬಿಲ್ಲೆ ಕೊಯ್ಸಿ ಮನೆಯಲ್ಲಿಡಿ. ಪರವಾನಗಿ ಇರುವ ಮಿಲ್ಲನ್ನು ನೀವೇ ಗೊತ್ತುಮಾಡಿ, ನಿಮ್ಮ ಮರ ಕೊಯ್ಯುವ ದಿನ ಗರಗಸದ ಪಕ್ಕದಲ್ಲೇ ನಿಲ್ಲಿ. ಒಂದು ದಿನದ ಕೆಲಸ ಅದು, ಬುತ್ತಿ ಕಟ್ಟಿಕೊಂಡು ಹೋಗಿ. ಹಲಗೆಯ ಲೆಕ್ಕವೂ ಗೊತ್ತಿರಲಿ. ಉದ್ದ ಅಡಿಯಲ್ಲಿ, ಅಗಲ ದಪ್ಪ ಇಂಚಿನಲ್ಲಿ ಹಿಡಿದು ಗುಣಿಸಿ 144ರಿಂದ ಭಾಗಿಸಬೇಕು. ಎಂಟಡಿ ಉದ್ದ, ಒಂಬತ್ತು ಇಂಚು ಅಗಲ, ಒಂದಿಂಚು ದಪ್ಪದ ಹಲಗೆ ಅರ್ಧ ಘನ ಅಡಿ. ದಪ್ಪವನ್ನು ಎರಡೂ ತುದಿಯಲ್ಲಿ ನೋಡಿ. ಬ್ಲೇಡು ಓರೆಯಾಗಿ ಓಡಿದ್ದರೆ ಒಂದು ತುದಿ ಒಂದೂಕಾಲು, ಇನ್ನೊಂದು ತುದಿ ಮುಕ್ಕಾಲು ಇಂಚು ಇರುತ್ತದೆ. ಒಣಗಿ, ಉಜ್ಜುಗೊರಡು ಹಾಕಿದ ಮೇಲೆ ಒಂದಿಂಚು ಉಳಿಯಬೇಕಾದರೆ ಹಸಿಯಲ್ಲಿ ಒಂದೂಕಾಲು ಇಂಚು ಕೊಯ್ಸಬೇಕು.

ಒಂದು ತಪ್ಪು ಪೂರ್ತಿ ನನ್ನದೇ. ಬಂದ ಹಸಿ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಪೇರಿಸಿ, ಮಳೆ ಬಂತೆಂದು ಟಾರ್ಪಾಲು ಬಿಗಿದುಬಿಟ್ಟೆ. ಜುಲೈನಲ್ಲಿ ಬಿಚ್ಚಿದಾಗ ಬೂಷ್ಟಿನ ವಾಸನೆ, ಮೇಲಿನ ಹಲಗೆಗಳು ದೋಣಿಯಂತೆ ಬಾಗಿದ್ದವು. ಬಿಳಿ ಭಾಗದಲ್ಲಿ ಸೂಜಿ ಚುಚ್ಚಿದಷ್ಟು ತೂತುಗಳು, ಕೆಳಗೆ ಹಿಟ್ಟಿನಂಥ ಪುಡಿ. ಆ ಪುಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ನಿಂತದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ನೆಲದಿಂದ ಒಂದಡಿ ಎತ್ತರದಲ್ಲಿ, ನೆರಳಿನಲ್ಲಿ, ಗಾಳಿಯಾಡುವ ಕಡೆ, ಪ್ರತಿ ಸಾಲಿನ ನಡುವೆ ಒಂದೇ ದಪ್ಪದ ಒಣ ರೀಪು ಕೊಟ್ಟು, ಆ ರೀಪುಗಳು ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆಯಲ್ಲಿ ಬರುವಂತೆ ಜೋಡಿಸಿ, ತುದಿಗಳಿಗೆ ಬಣ್ಣ ಬಳಿದು, ಮೇಲೆ ಕಲ್ಲು ಹೇರಬೇಕಿತ್ತು. ಮಲೆನಾಡಿನ ಮಳೆಗಾಲಕ್ಕೆ ಮುಂಚೆ ಕೊಯ್ಸಿದ ಮರವನ್ನು ಮುಂದಿನ ಬೇಸಿಗೆಯವರೆಗೆ ಮುಟ್ಟಬಾರದು ಎಂದು ಆಚಾರಿ ಹೇಳಿದರು. ಅವರನ್ನು ನಾನು ಮೊದಲೇ ಕೇಳಬೇಕಿತ್ತು.

ವ್ಯಾಪಾರಿಯನ್ನು ಊರಿನ ಹಿರಿಯರ ಮುಂದೆ ಕೂರಿಸಿದೆವು. ಅಳತೆಯ ಫೋಟೊ ನೋಡಿದ ಮೇಲೆ ಸ್ವಲ್ಪ ಹಣ ಕೊಟ್ಟ. ಹಲಗೆಯ ವಿಷಯ ಒಪ್ಪಲಿಲ್ಲ. ಹಳ್ಳದ ಬದಿಯ ಒಂಬತ್ತು ಮರದ ಮಾತು ಬಂದಾಗ ಮತ್ತೆ ಅದೇ ಅನುಮತಿ ಪತ್ರವನ್ನು ಮುಂದಿಟ್ಟ. ಅದಕ್ಕೆ ಆಧಾರವಾದ ಅರ್ಜಿಯಲ್ಲಿ ನನ್ನ ಸಹಿ ಇದ್ದುದರಿಂದ ಹಿರಿಯರೂ ಸುಮ್ಮನಾದರು.

ತೇಗ ಬೊಡ್ಡೆಯಿಂದ ಚಿಗುರುತ್ತದೆ. ನೆಲಮಟ್ಟಕ್ಕೆ ಕಡಿದವು ಚೆನ್ನಾಗಿ ಒಡೆದಿವೆ, ಮೊಣಕಾಲೆತ್ತರ ಬಿಟ್ಟು ಕಡಿದವು ಸೋತಿವೆ. ಆ ಎತ್ತರದ ಬೊಡ್ಡೆಗಳಲ್ಲಿ ಉಳಿದು ಹೋದದ್ದೂ ದಪ್ಪ ಬುಡದ ಒಳ್ಳೆಯ ಮರವೇ. ಒಂದೊಂದು ಬೊಡ್ಡೆಗೆ ಗಟ್ಟಿಯಾದ ಒಂದೇ ಚಿಗುರು ಉಳಿಸಿ ಮಿಕ್ಕವನ್ನು ಸವರಿದ್ದೇನೆ. ಉಳಿದ ಹತ್ತೊಂಬತ್ತು ತೇಗಕ್ಕೂ, ಹಲಸು, ಹೊನ್ನೆಗೂ ನಂಬರು ಬರೆದು, ಎದೆಯೆತ್ತರದ ಸುತ್ತಳತೆಯನ್ನು ಪ್ರತಿ ವರ್ಷ ಸಂಕ್ರಾಂತಿಯ ಹೊತ್ತಿಗೆ ಮಗಳೂ ನಾನೂ ಪುಸ್ತಕದಲ್ಲಿ ಬರೆಯುತ್ತೇವೆ. ಫೋನ್ ಮಾಡಿದ ಗೆಳೆಯರು ನಾಳೆ ಬರುತ್ತಿದ್ದಾರೆ. ಅವರ ಮರಗಳನ್ನು ನಾವೇ ಅಳೆದು, ಅವರ ಅರ್ಜಿಯನ್ನು ನಮ್ಮ ಜಗಲಿಯ ಮೇಲೆ ಕೂತೇ ಬರೆಯುವವರಿದ್ದೇವೆ.