ಕರಿಮೆಣಸಿನ ಬುಡಕ್ಕೆ ಟ್ರೈಕೋಡರ್ಮಾ: ಟಾಲ್ಕ್ ಪುಡಿಯೋ, ದ್ರವವೋ, ಕ್ಯಾಪ್ಸೂಲೋ?

ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ಮಳೆಗಾಲ ಬಂದರೆ ಮರಕ್ಕೆ ಹಬ್ಬಿಸಿದ ಕರಿಮೆಣಸಿನದ್ದೇ ಚಿಂತೆ. ಆಟಿಯ (ಜುಲೈ-ಆಗಸ್ಟ್) ಮಳೆ ಹಿಡಿದರೆ ಸಾಕು, ಮೊನ್ನೆ ಹಸಿರಾಗಿದ್ದ ಬಳ್ಳಿ ಇವತ್ತು ಎಲೆ ಇಳಿಬಿಟ್ಟಿರುತ್ತದೆ. ಫೈಟಾಫ್ತೊರಾ ಎಂಬ ರೋಗಾಣುವಿನಿಂದ ಬರುವ ಸೊರಗು ರೋಗ ಅದು. ಶೇಕಡಾ 1ರ ಬೋರ್ಡೋ, ಅಂದರೆ ಮೈಲುತುತ್ತು-ಸುಣ್ಣದ ದ್ರಾವಣ ಹೊಡೆಯುತ್ತೇವೆ, ನೀರು ನಿಲ್ಲದ ಹಾಗೆ ಕಣಿ ತೆಗೆಯುತ್ತೇವೆ. ಮಣ್ಣಿನೊಳಗಿನ ಕಾವಲಿಗೆ ಟ್ರೈಕೋಡರ್ಮಾ ಬೇಕು, ರೋಗಾಣುವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ ಅದು. ಅದು ಮೂರು ರೂಪದಲ್ಲಿ ಸಿಗುತ್ತದೆ. ಮೂರನ್ನೂ ಬೇರೆ ಬೇರೆ ಸಾಲಿಗೆ ಹಾಕಿ ನೋಡಿದ್ದೇನೆ.

ಮೊದಲು ಪುಡಿ. ಪ್ಯಾಕೆಟ್ ಒಡೆದರೆ ಕಾಣುವುದರಲ್ಲಿ ಬಹುಪಾಲು ಟಾಲ್ಕ್, ಅಂದರೆ ಬಳಪದ ಕಲ್ಲಿನ ನುಣ್ಣನೆ ಹಿಟ್ಟು. ಹೊಸ ಸೈಕಲ್ ಟ್ಯೂಬ್ ಬಿಡಿಸಿದಾಗ ಕೈಗೆ ಹತ್ತುವ ಬಿಳಿ ಪುಡಿ ಇದೆಯಲ್ಲ, ಅದೂ ಇದೇ. ಬಣ್ಣ, ಕಾಗದ, ಪ್ಲಾಸ್ಟಿಕ್ ಕಾರ್ಖಾನೆಗಳಿಗೂ ಹೋಗುತ್ತದೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಪಟ್ಟಿಯಲ್ಲಿ ಇದಕ್ಕೆ 1, ಎಲ್ಲಕ್ಕಿಂತ ಮೆತ್ತಗೆ. ಶಿಲೀಂಧ್ರಕ್ಕೆ ಇದು ಆಹಾರವೂ ಅಲ್ಲ, ವಿಷವೂ ಅಲ್ಲ. ನೀರನ್ನು ಬೇಗ ಹತ್ತಿರ ಸೇರಿಸುವುದಿಲ್ಲ, ಸುಲಭಕ್ಕೆ ಗಂಟು ಕಟ್ಟುವುದಿಲ್ಲ. ಟ್ರೈಕೋಡರ್ಮಾವನ್ನು ಹೊತ್ತು ತರಲು ಇದನ್ನು ಆರಿಸಿಕೊಂಡದ್ದು ಅದಕ್ಕೇ.

ಪುಡಿಯನ್ನು ನಾನು ಸುಮ್ನೆ ಬುಡಕ್ಕೆ ಚೆಲ್ಲುವುದಿಲ್ಲ. 90 ಕೆಜಿ ಒಣಗಿದ ಹಟ್ಟಿಗೊಬ್ಬರ, 10 ಕೆಜಿ ಬೇವಿನ ಹಿಂಡಿ, 1 ಕೆಜಿ ಪುಡಿ. ಹದವಾಗಿ ನೀರು ಚಿಮುಕಿಸಿ ನೆರಳಲ್ಲಿ ರಾಶಿ ಹಾಕಿ ಒದ್ದೆ ಗೋಣಿ ಮುಚ್ಚುತ್ತೇನೆ. ಹದ ಅಂದರೆ ಮುಷ್ಟಿಯಲ್ಲಿ ಹಿಂಡಿದಾಗ ಉಂಡೆ ಆಗಬೇಕು, ನೀರು ಇಳಿಯಬಾರದು. ಐದು ದಿನ ಬಿಟ್ಟು ಗೋಣಿ ಎತ್ತಿದರೆ ಹಿಂಡಿಯ ಚೂರುಗಳ ಮೇಲೆ ಬಿಳಿ ನೂಲು ಹರಡಿರುತ್ತದೆ. ಮಗುಚಿ ಮತ್ತೆ ಮುಚ್ಚಬೇಕು. ಎರಡು ವಾರಕ್ಕೆ ಅದೇ ನೂಲು ಪಾಚಿಯ ಹಾಗೆ ಹಸಿರು. ಕಾಡುಮಣ್ಣಿನ ವಾಸನೆ. ಆ ಹಸಿರು ಕಂಡ ದಿನ ನನಗೆ ನಿಜಕ್ಕೂ ಖುಷಿ.

ಒಂದು ವರ್ಷ ಅದು ಬರಲೇ ಇಲ್ಲ. ರಾಶಿ ಕಪ್ಪಗಾಗಿ ಮೂಗಿಗೆ ಹೊಡೆಯುವ ನಾತ. ಪ್ಯಾಕೆಟ್ ತಿರುಗಿಸಿ ನೋಡಿದರೆ ತಯಾರಾಗಿ ಒಂದು ವರ್ಷದ ಮೇಲಾಗಿತ್ತು, ಅಂಗಡಿಯಲ್ಲಿ ಬಿಸಿಲು ಬೀಳುವ ಜಾಗದಲ್ಲಿ ಇಟ್ಟಿದ್ದರು. ಟಾಲ್ಕ್ ಹಾಳಾಗುವುದಿಲ್ಲ, ಅದರ ಮೇಲಿನ ಜೀವ ಸಾಯುತ್ತದೆ. ಈಗ ತಯಾರಿ ದಿನಾಂಕ ನೋಡದೆ ದುಡ್ಡು ಕೊಡುವುದಿಲ್ಲ. ಆದರೆ ಸತ್ತ ಪುಡಿ ಎಂದು ಮೊದಲೇ ಗೊತ್ತಾದದ್ದು ರಾಶಿ ಹಾಕಿದ್ದರಿಂದಲೇ ಅಲ್ವಾ? ದ್ರವ, ಕ್ಯಾಪ್ಸೂಲ್ ಎರಡರಲ್ಲೂ ಈ ಪರೀಕ್ಷೆ ಇಲ್ಲ.

ದ್ರವ ಕೆಲಸಕ್ಕೆ ಬಹಳ ಹಗುರ. ನೀರಿಗೆ ಬೆರೆಸಿ ಬುಡಕ್ಕೆ ಹೊಯ್ದರೆ ಮುಗಿಯಿತು. ಪುಡಿಯನ್ನು ಕಲಸಿ ಸ್ಪ್ರೇಯರಿಗೆ ಹಾಕಿದಾಗ ಟಾಲ್ಕ್ ಅಡಿಗೆ ಕೂತು ನಾಜಲ್ ಕಟ್ಟಿತ್ತು, ಬಟ್ಟೆಯಲ್ಲಿ ಸೋಸಿದ ಮೇಲೂ ಎರಡು ಸಲ ಬಿಚ್ಚಬೇಕಾಯಿತು. ದ್ರವಕ್ಕೆ ಆ ರಗಳೆ ಇಲ್ಲ. ಹನಿ ನೀರಾವರಿ ಇರುವವರಿಗೆ ಇದೇ ಸರಿ.

ಕ್ಯಾಪ್ಸೂಲ್ ಕೋಝಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ತಂತ್ರ. ಒಂದರ ತೂಕ ಹತ್ತಿರ ಹತ್ತಿರ 1 ಗ್ರಾಂ. ಜೀವಾಣು ಹೊರಲು ಕಿಲೋಗಟ್ಟಲೆ ಕಲ್ಲಿನ ಹಿಟ್ಟೇ ಬೇಡ. ಗುಡ್ಡೆಯ ಮೇಲಿನ ನಮ್ಮ ತುಂಡು ಜಾಗಕ್ಕೆ ಗೊಬ್ಬರ ಹೊರಲು ಜನ ಸಿಗುವುದಿಲ್ಲ. ಅಲ್ಲಿಗೆ ಜೇಬಲ್ಲಿ ಇಟ್ಟುಕೊಂಡು ಹೋಗಿ ಡ್ರಮ್ಮಿನಲ್ಲಿ ಕರಗಿಸಿದೆ. ಪುಡಿ ಕಲಸುವಾಗ ಏಳುವ ಧೂಳೂ ಇಲ್ಲ. ಆ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ, ಮೂಗಿಗೆ ಬಟ್ಟೆ ಕಟ್ಟಲೇಬೇಕು.

ಹಾಗಾದರೆ ನನ್ನ ಆಯ್ಕೆ? ಮನೆ ಪಕ್ಕದ ತೋಟಕ್ಕೆ ಟಾಲ್ಕ್ ಪುಡಿಯೇ. ಹಟ್ಟಿಯಲ್ಲಿ ದನ ಇದೆ, ಗೊಬ್ಬರ ಇದೆ. ಆ ಸಾಲಿನ ಬುಡ ಕೆದಕಿದರೆ ಮೇಲೆಯೇ ಬೆಳ್ಳನೆ ಹೊಸ ಬೇರು ಕಾಣುತ್ತದೆ. ಇದರಲ್ಲಿ ಹಿಂಡಿ, ಗೊಬ್ಬರದ ಪಾಲು ಜಾಸ್ತಿ ಇರಬಹುದು, ಒಪ್ಪುತ್ತೇನೆ. ದನ ಇಲ್ಲದವರಿಗೆ, ಗೊಬ್ಬರ ಕೊಂಡು ತರುವವರಿಗೆ ದ್ರವ ಅಥವಾ ಕ್ಯಾಪ್ಸೂಲೇ ವಾಸಿ.

ಯಾವುದೇ ತನ್ನಿ, ಬೋರ್ಡೋದ ಜೊತೆಗೆ ಮಾತ್ರ ಸೇರಿಸಬೇಡಿ. ಮೈಲುತುತ್ತು ಈ ಶಿಲೀಂಧ್ರವನ್ನೂ ಕೊಲ್ಲುತ್ತದೆ. ಬುಡಕ್ಕೆ ಬೋರ್ಡೋ ಹೊಯ್ದ ಮೇಲೆ ಎರಡು ವಾರ ಬಿಟ್ಟೇ ನಾನು ಟ್ರೈಕೋಡರ್ಮಾ ಹಾಕುವುದು. ಈ ಸಲ ಪತ್ತನಾಜೆಗೆ (ಮೇ ಕೊನೆಯ ವಾರ) ಮೊದಲೇ ರಾಶಿ ಹಾಕುತ್ತೇನೆ, ಮೊದಲ ಮಳೆಗೆ ಮಣ್ಣು ನೆನೆಯುವಾಗ ಹಸಿರು ತಯಾರಿರಬೇಕು.