ಮ್ಯೂನಿಕ್‌ನಲ್ಲಿ ಇವರ ಕೈ ಮುರಿದಾಗ: ನಾವು ತಗೊಂಡ ಟ್ರಾವೆಲ್ ಇನ್ಶೂರೆನ್ಸ್

ಪಕ್ಕದ ತೋಟದವರು ಸಿಂಗಾಪುರದಲ್ಲಿರುವ ಮಗನ ಮನೆಗೆ ಹೊರಟಿದ್ದಾರೆ. "ವೀಸಾಕ್ಕೆ ಇನ್ಶೂರೆನ್ಸ್ ಕೇಳಿಲ್ಲ, ಸುಮ್ನೆ ಯಾಕೆ ದುಡ್ಡು ಹಾಕೋದು?" ಎಂದು ಕೇಳಿದರು. ಖಂಡಿತ ಹಾಕಿ ಎಂದೆ.

ನಾವು ಹೋದ ವರ್ಷ ಅಡಿಕೆ ಕೊಯ್ಲು ಮುಗಿಸಿ, ಫೆಬ್ರವರಿಯಲ್ಲಿ ತೀರ್ಥಹಳ್ಳಿಯಿಂದ ಮ್ಯೂನಿಕ್‌ಗೆ ಮಗಳ ಮನೆಗೆ ಹೋಗಿದ್ದೆವು. ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ಕವರ್ ಇರುವ ಇನ್ಶೂರೆನ್ಸ್ ಕಡ್ಡಾಯ. ಹಾಗಾಗಿ ಬೇಕೋ ಬೇಡವೋ ಎಂಬ ಯೋಚನೆಯೇ ಇರಲಿಲ್ಲ. ಇಬ್ಬರಿಗೂ ಸೇರಿ 75 ದಿನಕ್ಕೆ 9,600 ರೂಪಾಯಿ ಆಯಿತು. ಶಿವಮೊಗ್ಗದ ಏಜೆಂಟ್ ಫಾರಂ ತುಂಬುವಾಗ, "ಸಾರ್‌ಗೆ ಬಿಪಿ ಇದೆ ಅಂತ ಬರೆಯೋದು ಬೇಡ, ಪ್ರೀಮಿಯಂ ಜಾಸ್ತಿ ಆಗುತ್ತೆ" ಎಂದರು. ನಾನು ಹಟ ಹಿಡಿದು ಬರೆಸಿದೆ.

ನಮ್ಮಲ್ಲಿ ಮಳೆಗಾಲಕ್ಕೆ ಅಂಗಳದ ಪಾಚಿ ಮೇಲೆ ಅಡಿಕೆ ದಬ್ಬೆ ಹಾಸುತ್ತೇವೆ, ಕಾಲು ಜಾರಬಾರದು ಅಂತ. ಅಲ್ಲಿ ಮಗಳ ಮನೆ ಮೆಟ್ಟಿಲ ಮೇಲೆ ರಾತ್ರಿ ಹೆಪ್ಪುಗಟ್ಟಿದ ನೀರು ಕಣ್ಣಿಗೇ ಕಾಣಲಿಲ್ಲ. ಹಾಲು ತರಲು ಹೊರಟ ನಮ್ಮ ಯಜಮಾನರು ಬಲಗೈ ಊರಿ ಬಿದ್ದರು. ಮಣಿಕಟ್ಟು ಮುರಿದಿತ್ತು.

ಪಾಲಿಸಿಯಲ್ಲಿದ್ದ ಸಹಾಯವಾಣಿಗೆ ಮಗಳು ಆಸ್ಪತ್ರೆಯಿಂದಲೇ ಫೋನ್ ಮಾಡಿ ಕ್ಲೇಮ್ ನಂಬರ್ ತಗೊಂಡಳು. ಕ್ಯಾಶ್‌ಲೆಸ್, ಅಂದರೆ ಕಂಪನಿಯೇ ನೇರ ಆಸ್ಪತ್ರೆಗೆ ದುಡ್ಡು ಕಟ್ಟುವುದು, ಆಗಲಿಲ್ಲ. ಎಕ್ಸ್‌ರೇ, ಪ್ಲಾಸ್ಟರ್, ಮತ್ತೆ ಎರಡು ಸಲ ತೋರಿಸಿದ್ದು ಎಲ್ಲ ಸೇರಿ 640 ಯೂರೋ, ಆಗಿನ ದರದಲ್ಲಿ ಐವತ್ತೇಳು ಸಾವಿರ ರೂಪಾಯಿಗೂ ಜಾಸ್ತಿ. ನಾವೇ ಕಟ್ಟಿದೆವು. ಊರಿಗೆ ಬಂದು ಬಿಲ್ಲು, ರಸೀದಿ, ಡಾಕ್ಟರ್ ಚೀಟಿ, ಪಾಸ್‌ಪೋರ್ಟಿನ ಸೀಲ್ ಇರುವ ಪುಟ ಎಲ್ಲ ಕಳಿಸಿದ ಮೇಲೆ, ಏಳು ವಾರಕ್ಕೆ ದುಡ್ಡು ಬಂತು. ನಮ್ಮ ಪಾಲಿನ 100 ಡಾಲರ್ ಮಾತ್ರ ಹಿಡಿದುಕೊಂಡರು. ಅದು ಪಾಲಿಸಿಯಲ್ಲೇ ಇತ್ತು.

ಅಲ್ಲಿನ ಡಾಕ್ಟರ್ ಮೊದಲು ಕೇಳಿದ್ದೇ "ದಿನಾ ಯಾವ ಮಾತ್ರೆ ತಗೋತೀರಿ?" ಅಂತ. ಬಿಪಿ ಮಾತ್ರೆಯ ಹೆಸರು ಆ ಚೀಟಿಯ ಮೇಲೇ ಇತ್ತು. ಅದೇ ಚೀಟಿ ಕಂಪನಿಗೂ ಹೋಯಿತು. ಫಾರಂನಲ್ಲಿ ಮುಚ್ಚಿಟ್ಟಿದ್ದರೆ ಅಲ್ಲೇ ತಕರಾರು ಶುರುವಾಗುತ್ತಿತ್ತು, ಅಲ್ವಾ? ಇನ್ನೊಂದು ಮಾತು. ಬರೆಸಿದ್ದೇವೆ ಅಂತ ಹಳೇ ಕಾಯಿಲೆಗೆಲ್ಲ ದುಡ್ಡು ಸಿಗುವುದಿಲ್ಲ. ನಮ್ಮ ಪಾಲಿಸಿಯಲ್ಲಿ ಜೀವಕ್ಕೆ ಅಪಾಯ ಆದಾಗ ಮಾತ್ರ, ಅದೂ ಒಂದು ಮಿತಿಯವರೆಗೆ.

ಸೂಟ್‌ಕೇಸಿನ ವಿಷಯದಲ್ಲಿ ನಮಗೆ ಏನೂ ಸಿಗಲಿಲ್ಲ. ಹೋಗುವಾಗ ಅಪ್ಪೆಮಿಡಿ ಉಪ್ಪಿನಕಾಯಿ, ಸ್ವೆಟರ್ ಇದ್ದ ಪೆಟ್ಟಿಗೆ ಎರಡು ದಿನ ತಡವಾಗಿ ಬಂತು. ಬೆಚ್ಚಗಿನ ಬಟ್ಟೆ ಕೊಂಡೆವು. ಆದರೆ ವಿಮಾನ ನಿಲ್ದಾಣದಲ್ಲೇ ಏರ್‌ಲೈನ್‌ನವರ ಹತ್ತಿರ ದೂರಿನ ಕಾಗದ ಬರೆಸಿಕೊಳ್ಳಬೇಕು ಅಂತ ನಮಗೆ ಗೊತ್ತಿರಲಿಲ್ಲ. ಬಾಯಲ್ಲಿ ಹೇಳಿ ಬಂದಿದ್ದೆವು. ಆ ಕ್ಲೇಮ್ ತಳ್ಳಿಹಾಕಿದರು. ಬೇಜಾರಾಯಿತು, ಆದರೆ ತಪ್ಪು ನಮ್ಮದೇ.

ಪಕ್ಕದ ತೋಟದವರು ನಿನ್ನೆ ಪಾಲಿಸಿ ಹಿಡಿದು ಬಂದಿದ್ದರು. ಅವರಿಗೆ ಸಕ್ಕರೆ ಕಾಯಿಲೆ ಹತ್ತು ವರ್ಷದಿಂದ ಇದೆ. ಆ ಕಾಲಂನಲ್ಲಿ 'ಇಲ್ಲ' ಎಂದು ಇತ್ತು. ಟೀ ಕುಡಿಸಿ, ಹೊರಡುವ ಮೊದಲೇ ತಿದ್ದಿಸಿಕೊಂಡು ಬನ್ನಿ ಎಂದು ಕಳಿಸಿದೆ.