ಬಿಗಿಯಾದ ಮಡಚುವ ಚಾಕುವಿಗೆ ಎಣ್ಣೆ ಸುರಿಯುವ ಮುಂಚೆ ಇದನ್ನೊಮ್ಮೆ ಓದಿ

ಬಲಗೈ ತೋರುಬೆರಳಿಗೆ ನಾಲ್ಕು ಹೊಲಿಗೆ ಬಿದ್ದಿದೆ. ಎಡಗೈಯಲ್ಲೇ ಟೈಪ್ ಮಾಡುತ್ತಿದ್ದೇನೆ, ಅಕ್ಷರ ಆಚೀಚೆ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಯಾರಾದರೂ ಏನಾಯ್ತು ಅಂತ ಕೇಳಿದರೆ ಹೇಳೋಕೇ ನಾಚಿಕೆ ಆಗುತ್ತದೆ. ಚಾಕು ಸಲೀಸಾಗಿ ತೆರೆಯಲಿ ಅಂತ ಎಣ್ಣೆ ಹಾಕಿದ್ದೆ, ಅಷ್ಟೇ.

ನನ್ನದು ಜೇಬಿನಲ್ಲಿಟ್ಟುಕೊಳ್ಳುವ ಮಾಮೂಲಿ ಮಡಚುವ ಚಾಕು, ಲೈನರ್ ಲಾಕ್ ಇರುವುದು. ನೋಡಿಲ್ಲದವರಿಗೆ ಹೇಳುತ್ತೇನೆ. ಹಿಡಿಯ ಒಳಗೆ ತೆಳ್ಳಗಿನ ಒಂದು ಲೋಹದ ಪಟ್ಟಿ ಇರುತ್ತದೆ. ಅಲಗು ಪೂರ್ತಿ ತೆರೆದುಕೊಂಡ ಕೂಡಲೇ ಆ ಪಟ್ಟಿ ಸ್ಪ್ರಿಂಗಿನ ಹಾಗೆ ಪಕ್ಕಕ್ಕೆ ಸರಿದು, ಅಲಗಿನ ಬುಡಕ್ಕೆ ಒತ್ತಿಕೊಂಡು ನಿಲ್ಲುತ್ತದೆ. ಆ ಬುಡ ಕೂಡ ನೆಟ್ಟಗಿರುವುದಿಲ್ಲ, ಸ್ವಲ್ಪ ಇಳಿಜಾರಾಗಿರುತ್ತದೆ. ಅಂದರೆ ಪಟ್ಟಿ ಅಲ್ಲಿ ನಿಂತಿರುವುದು ಅರ್ಧ ಸ್ಪ್ರಿಂಗಿನ ಬಲದಿಂದ, ಇನ್ನರ್ಧ ಬರೀ ಲೋಹಕ್ಕೆ ಲೋಹ ಹಿಡಿದುಕೊಳ್ಳುವುದರಿಂದ. ಈ ವಿಷಯ ನನಗೆ ಗೊತ್ತಾಗಿದ್ದು ಹೊಲಿಗೆ ಬಿದ್ದ ಮೇಲೆ.

ಚಾಕು ಕೆಲವು ತಿಂಗಳಿಂದ ಬಿಗಿಯಾಗಿತ್ತು. ಹೆಬ್ಬೆರಳಲ್ಲಿ ಒಂದೇ ಸಲ ತಳ್ಳಿದರೆ ತೆರೆಯುತ್ತಿದ್ದದ್ದು ಅರ್ಧಕ್ಕೆ ನಿಲ್ಲತೊಡಗಿತು. ಬಾಗಿಲು ಕಿರ್ರ್ ಅಂದರೆ ಎಣ್ಣೆ ಬಿಡುತ್ತೇವೆ ಅಲ್ವಾ, ಅದೇ ಬುದ್ಧಿ. ಅಡುಗೆ ಎಣ್ಣೆಯನ್ನೇ ತಂದು ಕೀಲಿನ ಹತ್ತಿರ ಧಾರಾಳವಾಗಿ ಬಿಟ್ಟೆ. ನಾಲ್ಕು ಸಲ ತೆರೆದು ಮಡಚಿದೆ, ಬೆಣ್ಣೆಯ ಹಾಗೆ ಓಡಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮೂರು ವಾರ ಚೆನ್ನಾಗಿತ್ತು. ಆಮೇಲೆ ಮೊದಲಿಗಿಂತ ಕೆಟ್ಟದಾಗಿ ಬಿಗಿಯಾಯಿತು. ಅಡುಗೆ ಎಣ್ಣೆ ತೆಳ್ಳಗೆ ಹರಡಿಕೊಂಡು ಗಾಳಿಗೆ ಸಿಕ್ಕರೆ ನಿಧಾನಕ್ಕೆ ಗಟ್ಟಿಯಾಗುತ್ತದೆ, ಹೆಚ್ಚು ಕಡಿಮೆ ವಾರ್ನಿಶ್ ಆಗಿಬಿಡುತ್ತದೆ. ಒಲೆಯ ಪಕ್ಕದ ಗೋಡೆ ಮೇಲೆ ಕೂತ ಎಣ್ಣೆ ಎಷ್ಟು ಉಜ್ಜಿದರೂ ಹೋಗದೆ ಹಳದಿ ಅಂಟಾಗಿ ನಿಲ್ಲುತ್ತದಲ್ಲ, ಅದೇ ಅಂಟು ಚಾಕುವಿನ ಕೀಲಿನಲ್ಲೂ. ಇದನ್ನು ತಿಳಿದುಕೊಳ್ಳುವ ಗೋಜಿಗೆ ಹೋಗದೆ ನಾನೇನು ಮಾಡಿದೆ? ಇನ್ನಷ್ಟು ಎಣ್ಣೆ ಬಿಟ್ಟೆ. ಅದೂ ಸಾಲದು ಅಂತ ಕೀಲಿನ ಸ್ಕ್ರೂವನ್ನು ಅರ್ಧ ಸುತ್ತು ಸಡಿಲ ಮಾಡಿದೆ. ಆ ಸ್ಕ್ರೂ ತಲೆಯಲ್ಲಿ ನಕ್ಷತ್ರದ ಗುಳಿ ಇದೆ, ಟಾರ್ಕ್ಸ್ ಅನ್ನುತ್ತಾರೆ, ಇಂಥ ಚಾಕುಗಳಲ್ಲಿ ಸಾಮಾನ್ಯವಾಗಿ ಟಿ6 ಅಥವಾ ಟಿ8 ಅಳತೆಯದು. ಅದಕ್ಕೆ ಕೂರುವ ಸ್ಕ್ರೂ ಡ್ರೈವರ್ ತುದಿ, ಅಂದರೆ ಬಿಟ್, ನನ್ನ ಹತ್ತಿರ ಇರಲಿಲ್ಲ, ಕನ್ನಡಕದ ಸ್ಕ್ರೂ ಡ್ರೈವರ್ ತುರುಕಿ ತಿರುಗಿಸಿದೆ. ಗುಳಿಯ ಅಂಚು ಸವೆದು ಹೋಯಿತು.

ಇಲ್ಲಿಂದ ಮುಂದಿನದನ್ನು ಸ್ವಲ್ಪ ಗಮನ ಕೊಟ್ಟು ಓದಿ. ಅಲಗು ಪೂರ್ತಿ ತೆರೆದಾಗ ಲಾಕ್ ಕೂರುವ ಸದ್ದು ಇರುತ್ತದೆ, ಒಣ ಲೋಹದ್ದು, ಟಕ್ ಅಂತ. ಎರಡನೇ ಸಲ ಎಣ್ಣೆ ಬಿಟ್ಟ ಮೇಲೆ ಆ ಸದ್ದು ಬದಲಾಗಿತ್ತು. ಟಕ್ ಹೋಗಿ ಮೆತ್ತಗೆ ತಪ್ ಅನ್ನುತ್ತಿತ್ತು. ಕಿವಿಗೆ ಬಿದ್ದಿತ್ತು, ಗೊತ್ತೂ ಆಗಿತ್ತು. ಎಣ್ಣೆ ಹಾಕಿದ್ದೇನಲ್ಲ, ಸದ್ದು ಕಮ್ಮಿ ಆಗಿದೆ, ಒಳ್ಳೇದೇ ಆಯ್ತು ಅಂದುಕೊಂಡು ಸುಮ್ನಾದೆ.

ಮಾರನೇ ದಿನ ಒಂದು ದಪ್ಪ ಪ್ಲಾಸ್ಟಿಕ್ ಡಬ್ಬಕ್ಕೆ ತೂತು ಮಾಡಬೇಕಿತ್ತು. ಚಾಕುವಿನ ತುದಿಯಿಟ್ಟು ಒತ್ತಿದೆ. ತುದಿ ಜಾರಿತು, ಒತ್ತಡ ಅಲಗಿನ ಬೆನ್ನಿನ ಕಡೆಗೆ ತಿರುಗಿತು, ಲಾಕ್ ಪಕ್ಕಕ್ಕೆ ಜಾರಿ ಅಲಗು ನೇರ ನನ್ನ ಬೆರಳ ಮೇಲೆ ಮಡಚಿಕೊಂಡಿತು. ನೋವು ಕೂಡ ತಕ್ಷಣ ಆಗಲಿಲ್ಲ. ಮೊದಲು ಕೈ ಬೆಚ್ಚಗಾಯಿತು, ಆಮೇಲೆ ನೋಡಿಕೊಂಡೆ. ಆಸ್ಪತ್ರೆ, ಹೊಲಿಗೆ, ಧನುರ್ವಾಯು ಇಂಜೆಕ್ಷನ್, ಎಲ್ಲಾ ಆಯಿತು. ಬೆರಳ ತುದಿಯ ಒಂದು ಪಕ್ಕ ಇನ್ನೂ ಜೋಮು ಹಿಡಿದ ಹಾಗೇ ಇದೆ.

ಚಾಕುವಿನ ಮೇಲೆ ಸಿಟ್ಟು ಬಂದು ಎಸೆಯೋಣ ಅಂತಿದ್ದೆ. ಗೆಳೆಯನೊಬ್ಬ ತಡೆದ, ಸರಿಯಾದ ಬಿಟ್ ತಂದು ಬಿಚ್ಚಿದ. ಲಾಕ್ ಪಟ್ಟಿಯ ತುದಿಯನ್ನು ಹಲ್ಲುಕಡ್ಡಿಯಲ್ಲಿ ಕೆರೆದರೆ ಕಂದು ಬಣ್ಣದ ಅಂಟು ಎದ್ದು ಬಂತು, ಅದರೊಳಗೆ ನನ್ನ ನೀಲಿ ಪ್ಯಾಂಟಿನ ಜೇಬಿನ ನೂಲಿನ ಜುಂಗು. ಆ ಅಂಟಿನ ಮುದ್ದೆ ಲಾಕನ್ನು ಪೂರ್ತಿ ಒಳಗೆ ಸರಿಯಲು ಬಿಟ್ಟಿರಲಿಲ್ಲ. ಒಂದು ಕೂದಲೆಳೆಯಷ್ಟು ಮಾತ್ರ ಆನಿಕೊಂಡಿತ್ತು, ಅದರ ಮೇಲೆ ಹೊಸ ಎಣ್ಣೆ ಬೇರೆ. ಕೀಲು ಸಡಿಲವಾಗಿದ್ದರಿಂದ ಅಲಗೂ ಅಲ್ಲಾಡುತ್ತಿತ್ತು. ಇಷ್ಟಕ್ಕೂ ಮೊದಲ ದಿನ ಚಾಕು ಬಿಗಿಯಾಗಿದ್ದು ಎಣ್ಣೆ ಇಲ್ಲದೆ ಅಲ್ಲ, ಕೊಳೆ ತುಂಬಿಕೊಂಡು.

ಹಾಗಾಗಿ ಮೊದಲು ತೊಳೆಯಿರಿ. ಹತ್ತರಲ್ಲಿ ಎಂಟು ಸಲ ಬಿಚ್ಚುವುದೂ ಬೇಕಾಗುವುದಿಲ್ಲ ಅಂತ ನನಗೀಗ ಅನಿಸುತ್ತದೆ. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ, ಚಾಕುವನ್ನು ಅದರೊಳಗೇ ನಿಧಾನಕ್ಕೆ ಹತ್ತಿಪ್ಪತ್ತು ಸಲ ತೆರೆದು ಮಡಚಿ. ನೀರಿನ ಬಣ್ಣ ನೋಡಿದರೆ ನಿಮಗೇ ಅಸಹ್ಯ ಆಗುತ್ತದೆ. ಹಳೇ ಟೂತ್ ಬ್ರಶ್, ಹಲ್ಲುಕಡ್ಡಿ ಸಾಕು, ಒಳಗೆ ಸೂಜಿ ಗೀಜಿ ಹಾಕಿ ಗೀಚಬೇಡಿ. ಆಮೇಲೆ ಒಳ್ಳೆ ನೀರಲ್ಲಿ ತೊಳೆದು, ಒರೆಸಿ, ತೆರೆದಿಟ್ಟು ಪೂರ್ತಿ ಒಣಗಿಸಿ. ಈ ಒಣಗಿಸುವುದರಲ್ಲಿ ಸೋಮಾರಿತನ ಮಾಡಿದರೆ ತುಕ್ಕು ಗ್ಯಾರಂಟಿ. ಸ್ಟೇನ್‌ಲೆಸ್ ಅಂತ ಬರೆದಿದ್ದರೂ ತುಕ್ಕು ಹಿಡಿಯುವುದೇ ಇಲ್ಲ ಅಂತೇನಿಲ್ಲ. ಕಾರ್ಬನ್ ಸ್ಟೀಲ್ ಅಲಗಂತೂ ಒಂದೇ ರಾತ್ರಿಯಲ್ಲಿ ಚುಕ್ಕೆ ಚುಕ್ಕೆ ಆಗಿರುತ್ತದೆ. ಮರದ ಹಿಡಿ ಇದ್ದರೆ ಮಾತ್ರ ನೀರಲ್ಲಿ ಮುಳುಗಿಸಬೇಡಿ. ಮರ ನೀರು ಕುಡಿದು ಉಬ್ಬುತ್ತದೆ, ಆಗ ಅಲಗು ಹೊರಗೇ ಬರುವುದಿಲ್ಲ. ಅದಕ್ಕೆ ಇಯರ್ ಬಡ್ ಅನ್ನು ಐಸೋಪ್ರೊಪೈಲ್ ಆಲ್ಕೋಹಾಲಲ್ಲಿ ಅದ್ದಿ ಕೀಲಿನ ಹತ್ತಿರ ಒರೆಸಿದರೆ ಆಯಿತು. ಅಸಿಟೋನ್, ಅಂದರೆ ಉಗುರು ಬಣ್ಣ ತೆಗೆಯುವ ದ್ರಾವಣ, ಬೇಡ. ಕೆಲವು ಪ್ಲಾಸ್ಟಿಕ್ ಹಿಡಿಗಳನ್ನು ಅದು ಕರಗಿಸಿಬಿಡುತ್ತದೆ.

ಎಣ್ಣೆ ಕೊನೆಗೆ. ಎಷ್ಟು? ಕೀಲಿನ ಒಂದೊಂದು ಪಕ್ಕಕ್ಕೆ ಒಂದು ಹನಿ. ಸೂಜಿಯ ತುದಿಯಲ್ಲಿ ತೆಗೆದುಕೊಂಡು ಅಲಗು ಮತ್ತು ಹಿಡಿಯ ಸಂದಿಗೆ ತಾಗಿಸಿದರೆ ಅದಾಗಿಯೇ ಒಳಗೆ ಇಳಿಯುತ್ತದೆ. ಹೊಲಿಗೆ ಮಷಿನ್ ಎಣ್ಣೆ ಸಾಕು. ಅದೇ ಚಾಕುವಿನಲ್ಲಿ ಹಣ್ಣು ಕತ್ತರಿಸುತ್ತೀರಿ ಅಂದರೆ ಫುಡ್ ಗ್ರೇಡ್ ಮಿನರಲ್ ಆಯಿಲ್ ತಗೊಳ್ಳಿ, ಅದು ಅಡುಗೆ ಎಣ್ಣೆಯ ಹಾಗೆ ಅಂಟಾಗುವುದಿಲ್ಲ. ಹೊರಗೆ ಬಂದದ್ದನ್ನೆಲ್ಲ ಒರೆಸಿ ತೆಗೆಯಿರಿ. ಲಾಕ್ ಪಟ್ಟಿಯ ತುದಿ ಮತ್ತು ಅದು ಆನಿಕೊಳ್ಳುವ ಅಲಗಿನ ಬುಡ, ಈ ಎರಡನ್ನೂ ಆಲ್ಕೋಹಾಲಲ್ಲಿ ಒರೆಸಿ ಒಣಗಿಸಿಯೇ ಬಿಡಿ. ಅಲ್ಲಿ ಎಣ್ಣೆಗೆ ಕೆಲಸವೇ ಇಲ್ಲ.

ಡಬ್ಬಿಯಲ್ಲಿ ಬರುವ ಡಬ್ಲ್ಯೂಡಿ-40 ಸ್ಪ್ರೇ ಹೊಡೆದರೆ ಆಗಲ್ವಾ ಅಂತ ಈಗಾಗಲೇ ಇಬ್ಬರು ಕೇಳಿದರು. ಆ ಹೆಸರಿನ ಅರ್ಥವೇ ನೀರನ್ನು ಓಡಿಸುವುದು, 40ನೇ ಪ್ರಯತ್ನ ಅಂತ. 1953ರಲ್ಲಿ ತುಕ್ಕು ತಡೆಯೋಕೆ ಮಾಡಿದ್ದು. ಅಂಟು, ಕೊಳೆ ಬಿಡಿಸೋಕೆ ಚೆನ್ನಾಗಿದೆ. ಆದರೆ ಅದರಲ್ಲಿ ಜಾಸ್ತಿ ಇರುವುದು ಆರಿ ಹೋಗುವ ದ್ರಾವಕ, ಕೀಲಿಗೆ ಬಹುಕಾಲ ನಿಲ್ಲುವ ಎಣ್ಣೆ ಅಂತ ನಂಬಿಕೊಳ್ಳಬೇಡಿ.

ಬಿಚ್ಚಲೇಬೇಕು ಅಂತಿದ್ದರೆ ಮೊದಲು ಚಾಕು ರಿವೆಟ್ ಹೊಡೆದದ್ದೋ ಸ್ಕ್ರೂ ಇರುವುದೋ ನೋಡಿ. ಸ್ವಿಸ್ ಸೈನಿಕರ ಚಾಕುವಿನಂಥವು ರಿವೆಟ್ ಹೊಡೆದವು, ಬಿಚ್ಚುವ ಪ್ರಶ್ನೆಯೇ ಇಲ್ಲ, ತೊಳೆದು ಒಂದು ಹನಿ ಬಿಟ್ಟರೆ ಮುಗಿಯಿತು. ಸ್ಕ್ರೂ ಇದ್ದರೆ ಬಿಳಿ ಬಟ್ಟೆ ಹಾಸಿಕೊಂಡು ಕೂತುಕೊಳ್ಳಿ, ಒಂದೊಂದು ಭಾಗ ತೆಗೆದಾಗಲೂ ಫೋಟೋ ತೆಗೆಯಿರಿ. ಒಳಗೆ ತೆಳು ವಾಷರ್ ಇರಬಹುದು, ಇಲ್ಲಾ ಸಾಸಿವೆಗಿಂತ ಚಿಕ್ಕ ಬಾಲ್‌ಗಳ ಬೇರಿಂಗ್ ಇರಬಹುದು. ಅದೊಂದು ಉರುಳಿ ಹೋದರೆ ಆ ದಿನ ಪೂರ್ತಿ ನೆಲ ಗುಡಿಸುತ್ತಾ ಇರಬೇಕಾಗುತ್ತದೆ. ಸ್ಕ್ರೂ ಜಗ್ಗದಿದ್ದರೆ ಬಲ ಹಾಕಬೇಡಿ, ಸ್ಕ್ರೂ ತಾನಾಗೇ ಸಡಿಲ ಆಗದಿರಲಿ ಅಂತ ತಯಾರಕರು ಥ್ರೆಡ್‌ಲಾಕರ್ ಅನ್ನುವ ಅಂಟು ಹಾಕಿರುತ್ತಾರೆ. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಕಾಯಿಸಿ ಸ್ಕ್ರೂ ತಲೆಗೆ ಸ್ವಲ್ಪ ಹೊತ್ತು ತಾಗಿಸಿದರೆ ಅದು ಮೆತ್ತಗಾಗುತ್ತದೆ. ಮತ್ತೆ ಜೋಡಿಸುವಾಗ ನೀಲಿ ಥ್ರೆಡ್‌ಲಾಕರ್ ಕಾಲು ಹನಿ ಸಾಕು. ಕೆಂಪು ಹಾಕಿದಿರೋ, ಮುಂದಿನ ಸಲ ಕಾಯಿಸದೆ ಬಿಚ್ಚೋಕೆ ಆಗಲ್ಲ.

ಜೋಡಿಸಿದ ಮೇಲೆ ಕೀಲಿನ ಸ್ಕ್ರೂವನ್ನು ಪೂರ್ತಿ ಬಿಗಿ ಮಾಡಿ, ಆಮೇಲೆ ಚೂರು ಚೂರೇ ಹಿಂದಕ್ಕೆ ತಿರುಗಿಸುತ್ತಾ ಬನ್ನಿ. ಅಲಗು ಸಲೀಸಾಗಿ ಓಡಬೇಕು, ಆದರೆ ತೆರೆದಿಟ್ಟು ಅಕ್ಕಪಕ್ಕ ಅಲ್ಲಾಡಿಸಿದರೆ ಅಲ್ಲಾಡಬಾರದು. ಆ ಜಾಗ ಸಿಗೋಕೆ ನಮಗೆ ಕಾಲು ಗಂಟೆ ಹಿಡಿಯಿತು. ಕೊನೆಗೆ ಚಾಕುವನ್ನು ಬೆಳಕಿಗೆ ಹಿಡಿದು ಲಾಕ್ ಅಲಗಿನ ಬುಡಕ್ಕೆ ಎಷ್ಟು ಆನಿಕೊಂಡಿದೆ ಅಂತ ಕಣ್ಣಲ್ಲೇ ನೋಡಿ. ಅಲಗಿನ ದಾರಿಯಿಂದ ಬೆರಳು ಪೂರ್ತಿ ಆಚೆ ಇಟ್ಟುಕೊಂಡು ಅದರ ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲಗೆ ಒತ್ತಿ, ಲಾಕ್ ಕದಲಿದರೆ ಆ ಚಾಕುವಿನಲ್ಲಿ ಏನನ್ನೂ ಕೊಯ್ಯಬೇಡಿ.

ನನ್ನದು ಈಗ ಮತ್ತೆ ಟಕ್ ಅನ್ನುತ್ತಿದೆ. ಸವೆದ ಆ ಸ್ಕ್ರೂಗೆ ಬದಲಿ ಇನ್ನೂ ಸಿಕ್ಕಿಲ್ಲ, ಹಾಗಾಗಿ ಚಾಕು ಸದ್ಯಕ್ಕೆ ಡ್ರಾಯರ್‌ನಲ್ಲೇ ಇದೆ.